ಅಂಚು ಹರಿಯುವ ಕೆಲಸ

ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಸ್ವಾಧೀನಕ್ಕೆ ಬರಲಿಲ್ಲ. ಮೂಡಿಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಜಾಬ್ ಟೈಪಿಂಗ್ ಆಫೀಸು. ಸುತ್ತಲಿನ ಎಸ್ಟೇಟುಗಳ ಪತ್ರ, ಸಂಬಳದ ಪಟ್ಟಿ, ತಿಂಗಳ ಮಳೆಯ ಲೆಕ್ಕ ಎಲ್ಲವೂ ಅಲ್ಲಿ ಟೈಪಾಗುತ್ತಿದ್ದವು. ಎಂ.ಎ. ಮುಗಿಸಿ ಬಂದ ನಾನು ಆ ಕೆಲಸ ವಹಿಸಿಕೊಂಡೆ. ಟೈಪ್‌ರೈಟರಿನ ಜಾಗಕ್ಕೆ ಕಂಪ್ಯೂಟರ್ ಬಂತು.

ಅಪ್ಪ ಮಾತ್ರ ಮೊದಲಿನ ಹೊತ್ತಿಗೇ ಇಸ್ತ್ರಿ ಅಂಗಿ ಹಾಕಿಸಿಕೊಂಡು ಬಂದು ಕೂರುತ್ತಿದ್ದರು. ಕೂತು ಮಾಡುವುದಕ್ಕೆ ಏನೂ ಇರಲಿಲ್ಲ. ಬಂದವರು ನನ್ನ ಹತ್ತಿರ ಕೆಲಸದ ಮಾತಾಡಿ, ಅವರ ಹತ್ತಿರ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಆರೋಗ್ಯದ ಪ್ರಶ್ನೆಗೆ ಅವರು ಪ್ರತಿ ಸಲವೂ ಬೀದಿಯ ಕಡೆ ನೋಡುತ್ತ ಉತ್ತರ ಕೊಡುತ್ತಿದ್ದರು.

ಪ್ರಿಂಟರ್ ತರಲು ನಾನು ಚಿಕ್ಕಮಗಳೂರಿಗೆ ಹೊರಟಾಗ ತಾವೂ ಬರುತ್ತೇನೆಂದರು. ಅಂಗಡಿಯವನು ಲೇಸರ್ ಪ್ರಿಂಟರಿನಲ್ಲಿ ಒಂದು ಕನ್ನಡ ಪುಟ ತೆಗೆದು ತೋರಿಸಿದ. ಒತ್ತಕ್ಷರಗಳೂ ಅಚ್ಚಿನಲ್ಲಿ ಬಂದಂತಿದ್ದವು. ನನಗೆ ಅದೇ ಬೇಕಿತ್ತು. ಅಪ್ಪ ಮೂಲೆಯಲ್ಲಿ ಕಿರುಗುಟ್ಟುತ್ತಿದ್ದ ಹಳೆಯ ಬಗೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹತ್ತಿರ ನಿಂತಿದ್ದರು. ಅದರೊಳಗಿಂದ ಎರಡೂ ಅಂಚಿನಲ್ಲಿ ತೂತುಗಳಿರುವ ಕಾಗದ ಮಡಿಕೆ ಮಡಿಕೆಯಾಗಿ ಬರುತ್ತಿತ್ತು.

"ಈ ತೂತಿನ ಅಂಚು?"

"ಅದನ್ನ ಕೈಯಲ್ಲೇ ಹರೀಬೇಕು ಸರ್. ಪುಟಾನೂ ಬಿಡಿಸ್ಕೋಬೇಕು. ಕಾರ್ಬನ್ ಕಾಪಿ ಇದ್ರೆ ಅದನ್ನೂ."

"ಅಂದ್ರೆ ಪಕ್ಕದಲ್ಲಿ ಒಬ್ರು ಕೂತಿರ್ಬೇಕು."

"ಅದೇ ಸರ್ ಇದ್ರಲ್ಲಿ ತಾಪತ್ರಯ."

ಅಪ್ಪ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಮೇಲೆ ಭಾರಕ್ಕೆ ಇಟ್ಟರು. ಆಮೇಲೆ ಎಡಗೈಯಿಂದ ಅಂಚನ್ನು ಮೇಲಿಂದ ಕೆಳಗಿನವರೆಗೆ ಎಳೆದರು. ಹಾಳೆ ಎಲ್ಲಿಯೂ ಹರಿಯದೆ ಅಂಚಷ್ಟೇ ಬಿಟ್ಟು ಬಂತು. ಅವರು ನನ್ನ ಮುಖ ನೋಡಲಿಲ್ಲ.

"ಇದೇ ಇರ್ಲಿ" ಎಂದೆ ನಾನು.

ಒಂದು ವರ್ಷ ಆ ಕೋಣೆಯಲ್ಲಿ ಇಬ್ಬರಿಗೂ ಕೆಲಸವಿತ್ತು. ನಾನು ಹೊಡೆದದ್ದನ್ನು ಅಪ್ಪ ಬಿಡಿಸಿ, ಓದಿ, ತಪ್ಪಿದ್ದರೆ ವಾಪಸು ಕೊಡುತ್ತಿದ್ದರು. ಯಾರಾದರೂ ಆರೋಗ್ಯ ಕೇಳಿದರೆ, "ಸ್ವಲ್ಪ ತಡೀರಿ, ಇದೊಂದು ಮುಗಿಸ್ತೀನಿ" ಎನ್ನುತ್ತಿದ್ದರು.

ಕನ್ನಡ ಅಕ್ಷರಗಳು ಮಾತ್ರ ಆ ಯಂತ್ರದಲ್ಲಿ ಚುಕ್ಕೆಚುಕ್ಕೆಯಾಗಿ ಬರುತ್ತಿದ್ದವು. ಎಸ್ಟೇಟಿನ ಬರವಣಿಗೆ ನೋಡಿಕೊಳ್ಳುವ ರೈಟರ್ ಒಬ್ಬರು ಒಂದು ದಿನ ಕಾಗದವನ್ನು ಬೆಳಕಿಗೆ ಹಿಡಿದು ನಕ್ಕರು.

"ಸಿಟ್ಟು ಮಾಡ್ಕೋಬೇಡಿ ಮಾರಾಯ್ರೆ, ಅಕ್ಷರಕ್ಕೆಲ್ಲ ಸಿಡುಬು ಎದ್ದ ಹಾಗಿದೆ. ನಮ್ಮ ಧಣಿಗಳು, ಓದೋಕಾಗಲ್ಲ, ನೀನೇ ಬಂದು ಹೇಳು ಅಂತಾರೆ. ಬಸ್ ಸ್ಟ್ಯಾಂಡ್ ಹತ್ರ ಲೇಸರ್ ಬಂದಿದೆಯಂತಲ್ಲ?"

ಮುಂದಿನ ತಿಂಗಳು ಅವರು ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಬೆಳಿಗ್ಗೆಯೇ ಮುಗಿಯತೊಡಗಿತು. ಅಪ್ಪ ಬಿಡಿಸಿಟ್ಟ ಹಾಳೆಗಳನ್ನೇ ಮತ್ತೆ ತಟ್ಟಿ ಸಮ ಮಾಡುತ್ತಿದ್ದರು.

"ಏನಾದ್ರೂ ಒಂದು ಕೆಲ್ಸ ಕೊಡೆ ಅವ್ರಿಗೆ. ನೋಡೋಕಾಗಲ್ಲ" ಎಂದು ಅಮ್ಮ ಅಡುಗೆಮನೆಯಲ್ಲಿ ಹೇಳಿದರು.

ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಮಳೆ ಪಟ್ಟಿಗಳು ಇದ್ದವು. ಅಂಕಿಗಳಷ್ಟೇ, ಯಾರ ಕಣ್ಣಿಗೂ ಎಲ್ಲ ಒಂದೇ. ತಲೆಬರಹದಲ್ಲಿದ್ದ ವರ್ಷವನ್ನು ಬದಲಿಸಿ, ಮೂರು ಪ್ರತಿ ಬರುವಂತೆ ಕಾರ್ಬನ್ ಹಾಕಿ, ಜುಲೈ ತಿಂಗಳಿನದನ್ನು ಹೊಡೆದೆ. ಅಪ್ಪ ಕೈಯನ್ನು ಭಾರಕ್ಕೆ ಇಟ್ಟು ಹರಿಯಲು ಕೂತರು. ಮೊದಲ ಪುಟ ಬಿಡಿಸಿ ಓದಿದರು. ಎರಡನೆಯದಕ್ಕೆ ಅವರ ಕೈ ನಿಂತಿತು.

"ಪುನರ್ವಸು ಮಳೆ ಈ ಸಲ ಇಷ್ಟು ಹೊಯ್ಲಿಲ್ವಲ್ಲೇ."

ನಾನು ಪರದೆಯ ಕಡೆ ನೋಡುತ್ತಿದ್ದೆ.

"ಈ ಸಲ ಅದು ಬರೀ ಮೋಡ ಕಟ್ಕೊಂಡು ಹೋಯ್ತು. ಇದು ಹೋದ ವರ್ಷದ್ದು. ಘಾಟಿ ಕುಸಿದು ಕೊಟ್ಟಿಗೆಹಾರದಲ್ಲೇ ಬಸ್ಸುಗಳು ನಿಂತಿದ್ವಲ್ಲ, ಆಗಿಂದು." ಹಾಳೆಯನ್ನು ಕೆಳಗಿಟ್ಟು ಕೇಳಿದರು: "ಯಾರು ಹೇಳಿದ್ರು ಹೊಡಿ ಅಂತ?"

"ಯಾರೂ ಇಲ್ಲ."

ಅವರು ಸಿಟ್ಟು ಮಾಡಲಿಲ್ಲ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವುದು ಅವರಿಂದ ಆಗುತ್ತಿರಲಿಲ್ಲವೇನೋ, ಉಳಿದ ಪುಟಗಳ ಅಂಚನ್ನೂ ಹರಿದು, ಮೂರು ಪ್ರತಿಗಳನ್ನು ಬೇರೆ ಮಾಡಿ, ನನ್ನ ಮುಂದೆ ಇಟ್ಟರು.

"ನಾಳೆ ಚಿಕ್ಕಮಗಳೂರಿನ ಅಂಗಡಿಗೆ ಫೋನ್ ಮಾಡು. ಆ ದಿನ ನೀನು ನೋಡಿದ್ದನ್ನೇ ತರ್ಸು. ಕಾಗದ ಹೊಡಿಸ್ಕೊಳ್ಳೋರಿಗೆ ಅಕ್ಷರ ಬೇಕು. ನಾನೇನು, ಎಲ್ಲಿ ಕೂತ್ರೂ ಕೂತ ಹಾಗೇ."

ಲೇಸರ್ ಬಂದ ದಿನ ಅಪ್ಪ ಕೋಣೆಗೆ ಬಂದು ನಿಂತುಕೊಂಡೇ ಒಂದು ಪುಟ ನೋಡಿದರು. ಅದು ಅಂಚಿಲ್ಲದೆ, ಸದ್ದಿಲ್ಲದೆ, ಪೂರ್ತಿಯಾಗಿ ಹೊರಗೆ ಬಂದಿತ್ತು.

"ಚೆನ್ನಾಗಿದೆ" ಎಂದರು.

ಮರುದಿನ ಅವರು ಇಸ್ತ್ರಿ ಅಂಗಿ ಕೇಳಲಿಲ್ಲ. ಅಮ್ಮ ತಂದು ಹಿಡಿದಾಗ, "ಮನೇಲೇ ಇರೋದಲ್ವಾ" ಎಂದು ಹಳೆಯದನ್ನೇ ಹಾಕಿಸಿಕೊಂಡು ಹಿಂದಿನ ಜಗಲಿಗೆ ಹೋದರು. ಮುಂದಿನ ಕೋಣೆಯಲ್ಲಿ ಆ ವಾರ ಕೆಲಸ ತುಂಬ ಇತ್ತು.