ಹಳೇ ಕಣ್ಣಿನ ಹಸಿರು

ಬಣ್ಣದ ಅಂಗಡಿಯಲ್ಲಿ ಅವರಿಗೆ ಮೀಟರ್ ಮಾವ ಅಂತಲೇ ಹೆಸರು. ಅಂಗೈಯಗಲದ ಒಂದು ಯಂತ್ರ ಸದಾ ಅವರ ಜೇಬಿನಲ್ಲಿ. ಗೋಡೆಗೆ ಒತ್ತಿದರೆ ಮಿಣಕ್ ಅಂತ ಬೆಳಕು ಬಿಟ್ಟು, ವಾಪಸು ಬಂದದ್ದನ್ನು ಅಳೆದು ಒಂದು ನಂಬರು ತೋರಿಸುತ್ತೆ. ಆ ನಂಬರಿನ ಪ್ರಕಾರ ಬಿಳಿ ಬಣ್ಣದ ಡಬ್ಬಕ್ಕೆ ಹನಿಹನಿಯಾಗಿ ಬಣ್ಣ ಬಿಟ್ಟು ಕುಲುಕಿ ಕೊಡುವುದು ಮಾವನ ಕಸುಬು. ಯಾರಾದರೂ ಡಬ್ಬ ವಾಪಸು ತಂದು "ಇದು ನಮ್ಮ ಬಾಗಿಲಿನ ನೀಲಿ ಅಲ್ಲ" ಅಂದರೋ, ಮುಗೀತು ಕಥೆ.

"ಬಣ್ಣ ಅನ್ನೋದು ಬೆಳಕಿನ ಲೆಕ್ಕ ಸ್ವಾಮಿ. ನಂಬರು ಒಂದೇ ಅಂದ್ಮೇಲೆ ಬಣ್ಣ ಒಂದೇ. ಮಿಕ್ಕಿದ್ದು ನಿಮ್ಮ ತಲೇಲಿರೋ ಗುಂಗು."

ಮನೆಯಲ್ಲೂ ಇದೇ ರಾಗ. ಹಿಂದಿನ ವರ್ಷ ಅತ್ತೆ, ಅಂದರೆ ಅವರ ಹೆಂಡತಿ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರೇ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದರು.

"ರೀ, ಗೋಡೆಯ ಹಸಿರು ಬೇರೆ ಆಗಿದೆ."

ಮಾವ ಮೀಟರ್ ಒತ್ತಿದರು. "ನೋಡು, ಅದೇ ನಂಬರು. ಏನೂ ಆಗಿಲ್ಲ."

"ಹಾಗಾದ್ರೆ ಊಟಕ್ಕೂ ನಂಬರೇ ಬಡಿಸ್ತೀನಿ, ಹೊಟ್ಟೆ ತುಂಬಾ ತಿನ್ನಿ."

ಈ ವರ್ಷ ಮಾವನ ಸರದಿ. ಮೊದಲು ಬಲಗಣ್ಣು. ಪಟ್ಟಿ ಬಿಚ್ಚಿದ ದಿನ ಅಡುಗೆಮನೆಗೆ ಬಂದರು, ನೋಡಿದರೆ ಗೋಡೆ ಈಗಷ್ಟೇ ತೊಳೆದಂತೆ ಚಿಗುರು ಹಸಿರು! ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು, ಮಾಗಿದ ಎಲೆಯ ಹಳೇ ಹಸಿರು. ಮತ್ತೆ ಈ ಕಣ್ಣು, ಮತ್ತೆ ಆ ಕಣ್ಣು.

"ಈ ವಯಸ್ಸಲ್ಲಿ ಯಾರಿಗೆ ಕಣ್ಣು ಹೊಡೀತಿದ್ದೀರಿ?" ಅಂದರು ಅತ್ತೆ.

ಮಾವ ಗೋಡೆಗೆ ಮೀಟರ್ ಒತ್ತಿದರು. ಅದೇ ನಂಬರು. ಒಂದೇ ನಂಬರು, ಎರಡು ಹಸಿರು.

ಭಾನುವಾರ ಅಳಿಯ ಬಂದರು, ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. "ಇದರಲ್ಲಿ ಪವಾಡ ಏನಿಲ್ಲ ಮಾವ. ಹಳೇ ಕಣ್ಣಿನ ಮಸೂರ ಹಳದಿ ಆಗಿರುತ್ತೆ, ನೀಲಿ ಬೆಳಕು ತಡೆಯುತ್ತೆ. ಆಮೇಲೆ ನರ, ಮಿದುಳು, ಕರೆಂಟು. ಎಲ್ಲಾ ಅಳೀಬಹುದು."

"ಅಳೀರಿ, ಬೇಡ ಅಂದೋರ್ಯಾರು. ಆದ್ರೆ ಈ ಮೀಟರಿಗೂ ಬೆಳಕು ಬೀಳುತ್ತೆ, ಒಳಗೆ ಕರೆಂಟು ಓಡುತ್ತೆ. ಒಂದಿನವಾದ್ರೂ ಇದು ಹಸಿರು ನೋಡಿದೆ ಅಂತೀರಾ?"

"ಅದನ್ನೂ ಮುಂದೆ ವಿಜ್ಞಾನ ವಿವರಿಸುತ್ತೆ."

"ವಿವರಿಸ್ಲಿ ಅಳಿಯಂದ್ರೇ. ವಿವರಿಸೋಕೆ ಅಲ್ಲಿ ಏನೋ ಒಂದು ಇದೆ ಅಂತ ಮೊದಲು ಒಪ್ಕೋಬೇಕಲ್ಲ? ಇಲ್ಲವೇ ಇಲ್ಲ, ಗುಂಗು ಅಂತಿದ್ದೋನು ನಾನು."

ಅಳಿಯ ಒಪ್ಪಿದರೋ ಇಲ್ಲವೋ ಗೊತ್ತಾಗದ ಹಾಗೆ ತಲೆಯಾಡಿಸಿದರು.

ಎಡಗಣ್ಣಿನ ಆಪರೇಷನ್ನಿಗೆ ಶುಕ್ರವಾರ ಬರಲು ಆಸ್ಪತ್ರೆಯವರು ಹೇಳಿದ್ದರು. ಮಾವ ಹೋಗಲ್ಲ ಅಂತ ಹಟ ಹಿಡಿದರು. "ಈ ಹಳೇ ಹಸಿರು ಇರೋದು ಈ ಒಂದು ಕಣ್ಣಲ್ಲೇ ಕಣೇ. ಪೊರೆ ತೆಗೆದ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರಲ್ಲ."

"ನಂದೂ ಹಾಗೇ ಹೋಯ್ತು. ಆಗ ನೀವು ಮೀಟರ್ ತೋರಿಸಿದ್ರಿ."

ಮಾತು ನಾಟಿತು. ಮರುದಿನ ಮಾವ ಮೀಟರನ್ನು ಅಂಗಡಿಯಲ್ಲೇ ಬಿಟ್ಟು, ಪುಟ್ಟ ಪುಟ್ಟ ಬಣ್ಣದ ಡಬ್ಬಗಳನ್ನು ಮನೆಗೆ ತಂದರು. ಎಡಗಣ್ಣಿಂದ ಗೋಡೆ ನೋಡುವುದು, ಬಲಗಣ್ಣಿಂದ ಬಣ್ಣ ಬಳಿದ ರಟ್ಟಿನ ತುಂಡು ನೋಡುವುದು, ಒಂದು ಹನಿ ಹಳದಿ, ಒಂದು ಚೂರು ಕಂದು. ಸಂಜೆ ಹೊತ್ತಿಗೆ ಹೊಸ ಕಣ್ಣಿಗೆ ಕಂಡ ರಟ್ಟು, ಹಳೇ ಕಣ್ಣಿಗೆ ಕಂಡ ಗೋಡೆ, ಎರಡೂ ಒಂದಾದವು.

"ಬಾ ಇಲ್ಲಿ. ಇಷ್ಟು ವರ್ಷ ನಾನು ನೋಡ್ತಿದ್ದ ಗೋಡೆ ಇದು."

ಅತ್ತೆ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನಂಗೂ ಆಗ ಸುಮಾರು ಹೀಗೇ ಇತ್ತು. ಸ್ವಲ್ಪ ಬೇರೆ."

"ಬೇರೆ ಅಂದ್ರೆ ಹೇಗೆ?"

"ಹೇಳೋಕೆ ಬರಲ್ಲ ರೀ."

ಮಾವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ಖಾಲಿ. "ಪರವಾಗಿಲ್ಲ," ಅಂದರು. "ನಂಬ್ತೀನಿ."

ಶುಕ್ರವಾರ ಆಸ್ಪತ್ರೆಯ ಬೆಂಚಿನ ಮೇಲೆ ಮಾವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅತ್ತೆಯ ಮುಖವನ್ನೇ ನೋಡುತ್ತಾ ಕೂತರು.

"ಏನ್ರೀ ಅದು?"

"ಇದೊಂದು ಬಣ್ಣ ಕಲಸೋಕೆ ಬರ್ಲಿಲ್ಲ."

"ಸಾಕು ಏಳಿ. ಒಂದು ಕಣ್ಣಿಗೆ ಆಗ್ಲೇ ನನ್ನ ಸುಕ್ಕೆಲ್ಲ ಕಂಡಾಯ್ತು, ಇನ್ನೊಂದಕ್ಕೂ ಕಾಣ್ಲಿ."

ನರ್ಸ್ ಕರೆದರು. ಮಾವ ಇನ್ನೊಂದು ಗಳಿಗೆ ನೋಡಿ, ಕೈ ಇಳಿಸಿ, ಒಳಗೆ ನಡೆದರು.