ಯೇವಲೆಯಲ್ಲಿ ಬಿಟ್ಟ ಊಟ

ನಾಸಿಕದ ರವಿವಾರ ಕಾರಂಜಾದ ಬಳಿ ಹೋಟೆಲು ನಡೆಸುತ್ತಿದ್ದ ಜಯಕರನಿಗೆ ಒಂದು ಜಾವಾ ಮೋಟರ್‌ಸೈಕಲ್ ಇತ್ತು. ಇತ್ತು ಅಂದರೆ ಇತ್ತು, ಅಷ್ಟೇ. ಮಂಡಿಯಿಂದ ತರಕಾರಿ, ತೆಂಗಿನಕಾಯಿ ಹೇರಿಕೊಂಡು ಬರುವುದು ಬಿಟ್ಟರೆ ಅದು ಊರ ಗಡಿ ದಾಟಿದ್ದಿಲ್ಲ. ಅವನೂ ಹಾಗೆಯೇ. ಮೀಸೆ ಚಿಗುರುವ ಮೊದಲೇ ಕಾಪುವಿನಿಂದ ಬಂದು, ಕಪ್ಪು ತೊಳೆದು, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತವನು. ಕೂತ ಮೇಲೆ ಏಳುವುದನ್ನೇ ಮರೆತಿದ್ದ.

ಹೆಂಡತಿ ರಾಜೀವಿಯ ಪ್ರಪಂಚ ಇನ್ನೂ ಚಿಕ್ಕದು. ಹೋಟೆಲಿನ ಹಿಂದೆ ಮನೆ, ಮನೆಯ ಅಡುಗೆಮನೆಯೇ ಹೋಟೆಲಿನ ಅಡುಗೆಮನೆ. ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ಆರಿದ ಅನ್ನಕ್ಕೆ ಆರಿದ ಸಾರು ಸುರಿದುಕೊಂಡು ನಿಂತಲ್ಲೇ ತಿನ್ನುವುದು ಅವಳ ಊಟ. ಇದನ್ನು ಯಾರೂ ಕಷ್ಟ ಎಂದು ಕರೆದವರಲ್ಲ. ಹೋಟೆಲಿನವರ ಮನೆಯ ಹೆಂಗಸರೆಲ್ಲ ಉಣ್ಣುವುದು ಹಾಗೆಯೇ.

ಸಿಂಹಸ್ಥ ಕುಂಭಮೇಳದ ವರ್ಷ ಗೋದಾವರಿ ಸ್ನಾನಕ್ಕೆಂದು ದೇಶಕ್ಕೆ ದೇಶವೇ ನಾಸಿಕಕ್ಕೆ ಬಂದು ಬಿತ್ತು. ಸರಿಯಾಗಿ ಆಗಲೇ ಊರಿನಲ್ಲಿ ರಾಜೀವಿಯ ತಾಯಿ ಹಾಸಿಗೆ ಹಿಡಿದರು. "ಈ ರಶ್ಶು ಒಂದು ಮುಗಿಯಲಿ, ಕಳಿಸ್ತೇನೆ" ಎಂದ ಜಯಕರ. ರಶ್ಶು ಮುಗಿಯುವ ಮೊದಲೇ ತಾಯಿ ತೀರಿಕೊಂಡರು. ರಾಜೀವಿ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳ ಬಾಯಿಂದ ಬಂದದ್ದು ಹಿಟ್ಟು ಮುಗಿಯಿತು, ಇದ್ದಿಲು ಬೇಕು, ಇಷ್ಟೇ. ಜಯಕರನಿಗೆ ಎದೆಯ ಮೇಲೆ ಕಲ್ಲು ಹೇರಿದ ಹಾಗಾಗಿತ್ತು. ಅವಳು ಮತ್ತೆ ತನ್ನೊಡನೆ ಮಾತಾಡಬೇಕು, ಅವನಿಗೆ ಬೇಕಾಗಿದ್ದದ್ದು ಅದೊಂದೇ.

ದೀಪಾವಳಿ ಕಳೆದ ಮೇಲೆ ಸುಣ್ಣ ಹೊಡೆಸಲು ಹೋಟೆಲಿನ ಬಾಗಿಲು ಹಾಕುವುದಿತ್ತು. ಆ ಬಿಡುವಿನಲ್ಲಿ ರಾಜೀವಿಯನ್ನು ಜಾವಾದ ಹಿಂದೆ ಕೂರಿಸಿಕೊಂಡು ಔರಂಗಾಬಾದಿನ ಹತ್ತಿರದ ವೇರುಳದ ಗುಹೆಗಳ ತನಕ ಹೋಗಿಬರುವುದೆಂದು ನಿಶ್ಚಯಿಸಿದ. ದಾರಿ ಹೇಳಲು ಸಿಕ್ಕವನು ವೈಜನಾಥ. ಬೀದರ ಕಡೆಯವನು, ನೀರಾವರಿ ಇಲಾಖೆಯ ಗುಮಾಸ್ತ, ದಿನಾ ಸಂಜೆ ಚಹಾಕ್ಕೆ ಬರುವವನು.

"ಸೀದಾ ರಸ್ತೆ ಹಿಡೀಬ್ಯಾಡ್ರಿ ಸೇಠ್," ಎಂದ ವೈಜನಾಥ. "ನಿಫಾಡದಿಂದ ಒಳಗ ಹೊಳ್ಳ್ರಿ. ನಂದೂರ್ ಮಧ್ಮೇಶ್ವರದ ಒಡ್ಡಿನ ಹಿಂದ ಈಗ ಹಕ್ಕಿ ಬಂದಿರ್ತಾವ, ನೀರ ಕಾಣಂಗಿಲ್ಲ ನೋಡ್ರಿ. ಆಮ್ಯಾಲ ಯೇವಲಾ. ವೈಜಾಪುರ ದಾಟಿದ ಮ್ಯಾಲ ಒಂದು ದೊಡ್ಡ ಬೇವಿನ ಗಿಡ ಅದ. ಅದರ ಬುಡಕ್ಕ ಕಾಶಿಬಾಯಿ ಅಂತ ಒಬ್ಬಾಕಿ ಜ್ವಾಳದ ಭಾಕರಿ ಬಡೀತಾಳ. ಆಕಿ ಕೈಯಾಗಿನ ಬದನಿಕಾಯಿ ಭರೀತ ತಿನ್ನದ ಮುಂದ ಹೋಗಬ್ಯಾಡ್ರಿ."

ಹಕ್ಕಿಯ ಮಾತನ್ನು ಜಯಕರ ಮನಸ್ಸಿಗೆ ಹಾಕಿಕೊಂಡ, ಭಾಕರಿಯ ಮಾತನ್ನು ಇನ್ನೊಂದು ಕಿವಿಯಿಂದ ಹೊರಗೆ ಬಿಟ್ಟ. ಹೋಟೆಲಿನವರಲ್ಲಿ ಒಂದು ಕಟ್ಟಳೆ ಉಂಟು. ನಮ್ಮವರ ಹೋಟೆಲು ಇರುವ ಊರನ್ನು ಹಾಯುವಾಗ ಅಲ್ಲಿ ಎಲೆಗೆ ಕೂರದೆ ಹೋಗುವಂತಿಲ್ಲ. ಹೋದರೆ ಮುಖಕ್ಕೆ ಹೊಡೆದ ಹಾಗೆ, ಸುದ್ದಿ ಮಾತ್ರ ಕಾಪುವಿಗೆ ರೈಲಿಗಿಂತ ಬೇಗ ಮುಟ್ಟುತ್ತದೆ. ಯೇವಲೆಯಲ್ಲಿ ಶೀನನ ಹೋಟೆಲಿತ್ತು, ಔರಂಗಾಬಾದಿನಲ್ಲಿ ಉಮಾನಾಥನದು. ಮಧ್ಯಾಹ್ನ ಯೇವಲೆಯಲ್ಲಿ, ರಾತ್ರಿ ಔರಂಗಾಬಾದಿನಲ್ಲಿ ಎಂದು ಇಬ್ಬರಿಗೂ ಹೇಳಿಕಳಿಸಿದ.

ಒಳಗೆ ಹೋಗಿ ರಾಜೀವಿಗೆ ಎಲ್ಲ ವಿವರಿಸಿದ. ಅವಳು ಹೆಚ್ಚುತ್ತಿದ್ದ ಈರುಳ್ಳಿಯಿಂದ ತಲೆಯೆತ್ತಿದಳು.

"ಶೀನಣ್ಣನಲ್ಲಿ ಅಡುಗೆ ಈಗ ಯಾರು ಮಾಡುವುದು?"

"ಮತ್ಯಾರು, ಅವನ ಹೆಂಡತಿ ವಸಂತಿಯೇ."

"ಅವಳು ತುಂಬಿದ ಬಸುರಿ ಅಲ್ವಾ?"

"ಹೌದು ಮಾರಾಯ್ತಿ. ನೀನು ಹೋದರೆ ಅವಳಿಗೂ ಒಂದು ಕೈ ಆಸರೆ ಆಗ್ತದೆ."

"ಆಯಿತು" ಎಂದಳು ರಾಜೀವಿ. ಇಷ್ಟು ದೊಡ್ಡ ಹೋಟೆಲು ನಡೆಸುವ ಮನುಷ್ಯನಿಗೆ ಅಷ್ಟು ಸಣ್ಣ ಮಾತು ಅರ್ಥವಾಗಲಿಲ್ಲ.

ಹೊರಟ ದಿನ ಬೆಳಿಗ್ಗೆ ಚಳಿ ಚೆನ್ನಾಗಿಯೇ ಇತ್ತು. ಒಡ್ಡಿನ ಮೇಲೆ ಗಾಡಿ ನಿಲ್ಲಿಸಿದಾಗ ಹಿನ್ನೀರಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು, ಒಂದು ಸುತ್ತು ಹಾಕಿ ಮತ್ತೆ ಕೂತವು. ರಾಜೀವಿ ಸೆರಗು ಬಿಗಿಹಿಡಿದು ಬಹಳ ಹೊತ್ತು ನೋಡಿದಳು. ಹೊರಡುವಾಗ ತಾನಾಗಿಯೇ ಅವನ ಭುಜ ಹಿಡಿದು ಕೂತಳು. ಜಯಕರನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಯೇವಲೆಯಲ್ಲಿ ಶೀನ ಬಾಗಿಲಿಗೇ ಬಂದು ಕರೆದುಕೊಂಡ. ರಾಜೀವಿ ಒಳಗೆ ಹೋದಳು, ಜಯಕರ ಗಲ್ಲಾದ ಪಕ್ಕ ಕೂತ. ಬ್ಯಾಡಗಿ ಮೆಣಸಿನ ವಿಚಾರ ಬಂತು, ಕೈಕೊಟ್ಟು ಹೋದ ಅಡುಗೆಭಟ್ಟರ ವಿಚಾರ ಬಂತು. ಹೊಟ್ಟೆ ಚುರುಗುಟ್ಟಿದಾಗ ಹೆಂಡತಿಯನ್ನು ಊಟಕ್ಕೆ ಕರೆಯಲು ಒಳಗೆ ಇಣುಕಿದ.

ರಾಜೀವಿ ಸೀರೆ ಎತ್ತಿ ಕಟ್ಟಿಕೊಂಡು ರುಬ್ಬುವ ಕಲ್ಲಿನ ಮುಂದೆ ಕೂತಿದ್ದಳು. ಮೊಣಕೈವರೆಗೆ ಹಿಟ್ಟು, ಮುಖದ ತುಂಬ ಒಲೆಯ ಹೊಗೆ. ನಾಸಿಕದಲ್ಲಿ ದಿನಾ ಕಾಣುವ ರಾಜೀವಿಯೇ. ಇಷ್ಟು ದೂರ ಕರೆತಂದು ತಾನು ಅವಳಿಗೆ ತೋರಿಸಿದ್ದು ಇನ್ನೊಂದು ರುಬ್ಬುವ ಕಲ್ಲು. ಜಯಕರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕೈ ತೊಳಿ. ಹೊರಡುವ," ಎಂದ.

"ಎಲೆ ಹಾಕಿ ಆಗಿದೆಯಲ್ಲ, ಜಯಕರಣ್ಣ!" ಎಂದು ಶೀನ ಅಡ್ಡ ಬಂದ.

"ಇವತ್ತು ಬೇಡ ಶೀನ. ತಪ್ಪು ತಿಳಿಯಬೇಡ."

ಶೀನ ತಪ್ಪನ್ನೇ ತಿಳಿದ. ಅವನ ಮುಖ ಕಪ್ಪಿಟ್ಟದ್ದನ್ನು ನೋಡಿಯೂ ಜಯಕರ ಕಿಕ್ ಹೊಡೆದ.

ವೈಜಾಪುರ ದಾಟಿ ಬೇವಿನ ಮರ ಸಿಗುವಾಗ ಹೊತ್ತು ವಾಲಿತ್ತು. ಕಾಶಿಬಾಯಿ ವಯಸ್ಸಾದ ಹೆಂಗಸು. ಕೂರಲು ಗೋಣಿ ಹಾಸಿ, ಬದನೆಕಾಯನ್ನು ಕೆಂಡಕ್ಕೆ ಒತ್ತಿ, ಹಿಟ್ಟು ತಟ್ಟುತ್ತ ಜಯಕರನನ್ನು ಕೇಳಿದಳು: "ಬಾಯೀನಾ ಕಿತಿ ಭಾಕರಿ?"

ಹೆಂಡತಿಗೆ ಎಷ್ಟು ಭಾಕರಿ? ಜಯಕರ ತಡವರಿಸಿದ. ಇಷ್ಟು ವರ್ಷ ಸಂಸಾರ ಮಾಡಿ ಅವಳು ಉಣ್ಣುವುದನ್ನು ಅವನು ಕೂತು ನೋಡಿದ್ದೇ ಇಲ್ಲ.

ರಾಜೀವಿಯೇ ಉತ್ತರ ಹೇಳಿದಳು. ಬಿಸಿ ಭಾಕರಿಯನ್ನು ಬೆರಳಿಗೆ ಉಫ್ ಎಂದು ಊದುತ್ತ ಮುರಿದು ತಿಂದಳು. ಅರ್ಧ ಮುಗಿದ ಮೇಲೆ, ಅವನ ಕಡೆ ನೋಡದೆ ಅಂದಳು:

"ಅಮ್ಮ ಹೋದ ಸುದ್ದಿ ಬಂದ ದಿನ ನಾನು ಸಾರಿಗೆ ಉಪ್ಪು ಹಾಕಲಿಲ್ಲ. ಬೇಕಂತಲೇ. ನೀವು ಒಳಗೆ ಬಂದು, ಎಂತ ಆಯಿತು ರಾಜೀವಿ ಅಂತ ಕೇಳಲಿ ಅಂತ. ನೀವು ಟೇಬಲ್ ಟೇಬಲಿಗೆ ಉಪ್ಪಿನ ಬಟ್ಟಲು ಇಡಿಸಿದಿರಿ."

ಜಯಕರನಿಗೆ ನೆನಪಿತ್ತು. ಅಷ್ಟು ಗಿರಾಕಿಗಳನ್ನು ಹೇಗೆ ಸಂಭಾಳಿಸಿದೆ ನೋಡು ಎಂದು ಅವತ್ತು ಬೀಗಿದ್ದೂ ನೆನಪಿತ್ತು.

"ಹೌದು, ಇಡಿಸಿದೆ," ಎಂದ. "ಒಳಗೆ ಬರಬೇಕಿತ್ತು."

"ಬರಬೇಕಿತ್ತು," ಎಂದಳು ರಾಜೀವಿ. ಕ್ಷಮಿಸಿದ ಹಾಗೇನೂ ಹೇಳಲಿಲ್ಲ. ಕಾಶಿಬಾಯಿಯಿಂದ ಇನ್ನೊಂದು ಭಾಕರಿ ಕೇಳಿ ಹಾಕಿಸಿಕೊಂಡು, ಅವತ್ತಿನದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.