ಗೋಡೆಯೊಳಗಿನ ಕುದುರೆ

ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿರುವ ಅಮರನಾಥನ ಪ್ರಕಾರ ಈ ಲೋಕದಲ್ಲಿ ಸರಿಹೋಗದ್ದು ಯಾವುದೂ ಇಲ್ಲ. ಹಳೆಯ ಆಟಕ್ಕೆ ಹೊಸ ಭಾಗ ಬಂದ ದಿನ ಅದರಲ್ಲಿ ಸೇತುವೆ ಮಾಯವಾಗುತ್ತದೆ, ಸತ್ತ ರಾಕ್ಷಸ ಎದ್ದು ಕೂರುತ್ತಾನೆ, ಆಡಲು ಬಂದವರು ಬೊಬ್ಬೆ ಹೊಡೆಯುತ್ತಾರೆ. "ಗಡಬಡ ಮಾಡಬ್ಯಾಡ್ರೋ, ಅಪ್‌ಡೇಟ್ ಬರ್ತದ, ಎಲ್ಲಾ ಸರಿ ಆಗ್ತದ" ಅನ್ನುತ್ತಾನೆ ಇವನು. ಬರುತ್ತದೆ, ಸರಿಯೂ ಆಗುತ್ತದೆ. ರೈಲು ತಡವಾದರೂ, ಎದುರಿನ ಹೋಟೆಲಿನ ಚಹಾ ನೀರಾಗಿದ್ದರೂ, ಬೀಗರ ಮನೆಯಲ್ಲಿ ಜಗಳವಾದರೂ ಅವನದು ಅದೇ ಮಾತು. ಮುಂಜಾನೆ ಲಿಂಗಪೂಜೆ ಮುಗಿಸಿ ಬಂದು, ಪ್ರತಿ ಯಂತ್ರಕ್ಕೂ ವಿಭೂತಿ ಹಚ್ಚಿ, ಇಂಟರ್‌ನೆಟ್‌ಗೆ ಜೋಡಿಸಿ, ಕಂಪನಿಯವರು ಕಳಿಸಿದ ತಿದ್ದುಪಡಿ ಇಳಿಯುವವರೆಗೂ ಒಲೆಯ ಮೇಲಿನ ಹಾಲು ಕಾಯುವವನಂತೆ ಎದುರಿಗೇ ಕೂರುತ್ತಾನೆ. ಮೂಲೆಯ ಯಂತ್ರಕ್ಕೆ ಮಾತ್ರ ವಿಭೂತಿಯಷ್ಟೇ, ಇಂಟರ್‌ನೆಟ್ ವೈರ್ ಇಲ್ಲ. ಮಧ್ಯಾಹ್ನ ಬುತ್ತಿ ತರುತ್ತಿದ್ದ ಹೆಂಡತಿ ಮಂಗಲಾ, ಅವನು ಉಂಡು ಮುಗಿಸುವ ತನಕ ಅದರಲ್ಲಿ ಆಡುತ್ತಿದ್ದಳು. ಒಂದು ದಿನ ಹೊಸ ಭಾಗದ ದೋಷದಿಂದ ಅವಳ ಕುದುರೆ ಕೋಟೆಯ ಗೋಡೆಯೊಳಗೆ ಸಿಕ್ಕಿಬಿತ್ತು. "ಇದನ್ನ ಬಿಡಿಸಿ ಇಡ್ರಿ, ನಾಳಿ ಬಂದು ಆಡ್ತೀನಿ" ಎಂದು ನಗುತ್ತ ಹೊರಟವಳು, ಮನೆ ಮುಟ್ಟುವ ಮೊದಲೇ ಎದೆನೋವಿನಿಂದ ತೀರಿಕೊಂಡಳು. ಆ ಕುದುರೆಯನ್ನು ಬಿಡಿಸುವ ಅಪ್‌ಡೇಟ್ ಬಂದು ವರ್ಷವಾಯಿತು. ಹಾಕಿದರೆ ಕುದುರೆ ಆಟದೊಳಗಿನ ಊರಬಾಗಿಲಿಗೆ ಹೋಗಿ ನಿಲ್ಲುತ್ತದೆ, ಅವಳು ಬಿಟ್ಟುಹೋದಲ್ಲಿ ಇರುವುದಿಲ್ಲ. ದಿನವೂ ಬುತ್ತಿ ಬಿಚ್ಚುವ ಹೊತ್ತಿಗೆ ಅಮರನಾಥ ಆ ಪರದೆ ಹಚ್ಚುತ್ತಾನೆ. ಗೋಡೆಯೊಳಗೆ ಕುದುರೆ ಕಾಲು ಬಡಿಯುತ್ತಿರುತ್ತದೆ. ಯಾರಾದರೂ ಕೇಳಿದರೆ, ಕಣ್ಣು ಕೀಳದೆ ಹೇಳುತ್ತಾನೆ: "ಇದರ ಅಪ್‌ಡೇಟ್ ಇನ್ನಾ ಬಂದಿಲ್ಲರಿ."